ಧಾರೆ ಯಾಕೆ ಸಣ್ಣಗಾಯಿತು?

ಅಡುಗೆಮನೆಯ ಗೋಡೆಗೆ ತಗುಲಿಹಾಕಿದ ನೀರಿನ ಫಿಲ್ಟರ್ ಒಂದೇ ದಿನಕ್ಕೆ ಕೈಕೊಡುವುದಿಲ್ಲ. ಮೊದಲು ಚೊಂಬು ತುಂಬಲು ಸ್ವಲ್ಪ ಹೆಚ್ಚು ಹೊತ್ತು ಬೇಕಾಗುತ್ತದೆ. ಕೆಲವು ವಾರ ಕಳೆದ ಮೇಲೆ, ನಲ್ಲಿಯ ಕೆಳಗೆ ಪಾತ್ರೆ ಇಟ್ಟವರು ಅಲ್ಲಿ ನಿಲ್ಲದೆ ತರಕಾರಿ ಹೆಚ್ಚಲು ಹೋಗುತ್ತಾರೆ. ರಾತ್ರಿಯೆಲ್ಲ ಪಂಪು ಗುಂಯ್ ಎನ್ನುತ್ತಿದ್ದರೂ ಬೆಳಿಗ್ಗೆ ನೋಡಿದರೆ ಟ್ಯಾಂಕು ಅರ್ಧಕ್ಕೇ ನಿಂತಿರುತ್ತದೆ. ಫೋನು ಮಾಡಿ ಕರೆಸಿದ ಹುಡುಗ ಮುಚ್ಚಳ ತೆಗೆಯುವ ಮೊದಲೇ ‘ಮೇಡಂ, ಮೆಂಬ್ರೇನ್ ಹೋಗಿದೆ’ ಎನ್ನುತ್ತಾನೆ. ಕೆಲವು ಸಲ ಆ ಮಾತು ನಿಜವೇ ಆಗಿರುತ್ತದೆ. ಆದರೆ ನೀರು ನಿಧಾನವಾಗಲು ಏಳೆಂಟು ಕಾರಣಗಳಿವೆ. ಅವುಗಳಲ್ಲಿ ಮೆಂಬ್ರೇನ್ ಎಲ್ಲಕ್ಕಿಂತ ದುಬಾರಿ. ಆದ್ದರಿಂದ ಅದನ್ನು ಎಲ್ಲಕ್ಕಿಂತ ಕೊನೆಗೆ ಅನುಮಾನಿಸಬೇಕು.

ಇದು ಬರೀ ದುಡ್ಡಿನ ಮಾತಲ್ಲ. ನಮ್ಮ ಮನೆಗಳಲ್ಲಿರುವ ಬಹುಪಾಲು ಯಂತ್ರಗಳು ಆರ್‌ಒ (ರಿವರ್ಸ್ ಆಸ್ಮೋಸಿಸ್) ಯಂತ್ರಗಳು. ಅವು ಮೆಂಬ್ರೇನ್ ಎಂಬ ಪೊರೆಯಲ್ಲಿ ನೀರನ್ನು ಸೋಸಿ, ಒಳ್ಳೆಯ ನೀರನ್ನು ಒಂದು ಪೈಪಿಗೂ ಉಪ್ಪು ಸೇರಿದ ವೇಸ್ಟ್ ನೀರನ್ನು ಇನ್ನೊಂದು ಪೈಪಿಗೂ ಬಿಡುತ್ತವೆ. ಒಳ್ಳೆಯ ನೀರಿನ ಧಾರೆ ಸಣ್ಣಗಾದಾಗ ಎರಡನೆಯ ಧಾರೆ ಸಣ್ಣಗಾಗಲೇಬೇಕೆಂದಿಲ್ಲ. ಅದು ಮೊದಲಿನ ಹಾಗೇ, ಕೆಲವು ಸಲ ಮೊದಲಿಗಿಂತ ಜೋರಾಗಿ ಸಿಂಕಿಗೆ ಹರಿದುಹೋಗುತ್ತಿರುತ್ತದೆ. ನಾವು ಕಾಯುವುದರಲ್ಲಿ ಹೋಗುವುದು ನಮ್ಮ ಹೊತ್ತಷ್ಟೇ ಅಲ್ಲ, ಟ್ಯಾಂಕರಿಗೆ ದುಡ್ಡು ಕೊಟ್ಟು ತರಿಸಿದ ನೀರೂ ಹೌದು.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ. ನಿಧಾನವಾಗಿರುವುದು ಯಾವುದು? ನಲ್ಲಿಯಿಂದ ಲೋಟಕ್ಕೆ ಬೀಳುವ ಧಾರೆಯೋ, ಯಂತ್ರದೊಳಗೆ ನೀರು ಶುದ್ಧವಾಗಿ ಟ್ಯಾಂಕಿಗೆ ಬೀಳುವ ವೇಗವೋ? ಇವೆರಡೂ ಬೇರೆ ಬೇರೆ ಕಾಯಿಲೆಗಳು. ಗೋಡೆಗೆ ಹಾಕುವ ಯಂತ್ರದಲ್ಲಿ ಏಳೆಂಟು ಲೀಟರಿನ ಪ್ಲಾಸ್ಟಿಕ್ ಟ್ಯಾಂಕು ಇರುತ್ತದೆ. ಅಲ್ಲಿಂದ ನಲ್ಲಿಗೆ ನೀರು ಇಳಿಯುವುದು ಬರೀ ತನ್ನ ಭಾರದಿಂದ. ಟ್ಯಾಂಕು ತುಂಬಿದ್ದೂ ನಲ್ಲಿಯಲ್ಲಿ ನೂಲಿನಷ್ಟೇ ನೀರು ಬರುತ್ತಿದ್ದರೆ ಮೆಂಬ್ರೇನಿಗೂ ಅದಕ್ಕೂ ಸಂಬಂಧವಿಲ್ಲ. ನಲ್ಲಿಯ ಬಾಯಲ್ಲಿ ಉಪ್ಪು ಕಟ್ಟಿರಬಹುದು, ಒಳಗಿನ ರಬ್ಬರು ಉಬ್ಬಿರಬಹುದು. ಟ್ಯಾಂಕು ಪೂರ್ತಿ ಬರಿದಾಗಿ ಮತ್ತೆ ತುಂಬಿದಾಗ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿರಬಹುದು. ಟ್ಯಾಂಕಿನ ಮುಚ್ಚಳದಲ್ಲಿರುವ ಗಾಳಿಯ ಕಿಂಡಿ ಮುಚ್ಚಿಹೋಗಿದ್ದರೂ ಹೀಗೇ ಆಗುತ್ತದೆ: ನೀರು ಇಳಿದಷ್ಟೂ ಗಾಳಿ ಒಳಗೆ ಬರಬೇಕು, ಬರದಿದ್ದರೆ ಧಾರೆ ಶುರುವಿನಲ್ಲಿ ಜೋರಾಗಿದ್ದು ಸ್ವಲ್ಪ ಹೊತ್ತಿಗೆ ಸೊರಗುತ್ತದೆ. ಮುಚ್ಚಳವನ್ನು ಸ್ವಲ್ಪ ಸಡಿಲಿಸಿದ ಕೂಡಲೇ ಧಾರೆ ದಪ್ಪವಾದರೆ ಕಾರಣ ಅದೇ. ಕೆಲವು ಮಾದರಿಗಳಲ್ಲಿ ಟ್ಯಾಂಕಿಗೂ ನಲ್ಲಿಗೂ ನಡುವೆ ಇನ್ನೊಂದು ಸಣ್ಣ ಫಿಲ್ಟರ್ ಇರುತ್ತದೆ. ನೀರಿನ ಭಾರವೊಂದನ್ನೇ ನಂಬಿರುವ ಅದು ಸ್ವಲ್ಪ ಕಟ್ಟಿದರೂ ಸಾಕು, ನಲ್ಲಿ ಸೋಲುತ್ತದೆ.

ಟ್ಯಾಂಕೇ ತುಂಬುತ್ತಿಲ್ಲ ಎಂದಾದರೆ ಯಂತ್ರದ ಒಳಗಿನ ದಾರಿಯನ್ನು ನೋಡಬೇಕು. ಆದರೆ ಆರ್‌ಒ ಯಂತ್ರದ ಸಹಜ ವೇಗ ಎಷ್ಟೆಂದು ಗೊತ್ತಿಲ್ಲದಿದ್ದರೆ ‘ನಿಧಾನ’ ಎಂಬ ಮಾತಿಗೆ ಅರ್ಥವಿಲ್ಲ. ಮನೆಯ ಯಂತ್ರಗಳಲ್ಲಿ ಹೆಚ್ಚಾಗಿ ಇರುವುದು ದಿನಕ್ಕೆ 75 ಗ್ಯಾಲನ್ ಎಂದು ಬರೆದಿರುವ ಮೆಂಬ್ರೇನ್. ಇದು ಅಮೆರಿಕದ ಗ್ಯಾಲನ್. 75 ಎಂದರೆ ಸುಮಾರು 284 ಲೀಟರು. ಗಂಟೆಗೆ ಹನ್ನೆರಡು ಲೀಟರು, ನಿಮಿಷಕ್ಕೆ 200 ಮಿ.ಲೀ. ಹತ್ತಿರ. ಅದೂ ಸುಮಾರು 25 ಡಿಗ್ರಿ ಬಿಸಿಯಿರುವ, ಉಪ್ಪಿನಂಶ ಕಡಿಮೆಯಿರುವ ನೀರನ್ನು ಗೊತ್ತುಮಾಡಿದ ಒತ್ತಡದಲ್ಲಿ ಹಾಯಿಸಿ ಪರೀಕ್ಷಿಸಿದ ಲೆಕ್ಕ. ಬೋರಿನ ನೀರು ಬರುವ ಮನೆಯಲ್ಲಿ ಹೊಸ ಯಂತ್ರವೇ ನಿಮಿಷಕ್ಕೆ 130–150 ಮಿ.ಲೀ. ಕೊಟ್ಟರೆ ಬೇಸರ ಪಡಬೇಕಿಲ್ಲ. ಅಂದರೆ ಎಂಟು ಲೀಟರಿನ ಟ್ಯಾಂಕು ತುಂಬಲು ಹೆಚ್ಚು ಕಡಿಮೆ ಒಂದು ಗಂಟೆ ಬೇಕು. ಮನೆಗೆ ನೆಂಟರು ಬಂದ ದಿನ ಟ್ಯಾಂಕು ಬೇಗ ಬರಿದಾಗುವುದು ಯಂತ್ರದ ದೋಷವಲ್ಲ.

ಇನ್ನು ಅಳತೆ. ನನ್ನ ಪ್ರಕಾರ ಈ ವಿಷಯದಲ್ಲಿ ಇದಕ್ಕಿಂತ ಉಪಯೋಗದ ಕೆಲಸ ಬೇರೊಂದಿಲ್ಲ. ಸ್ಪ್ಯಾನರು, ಸ್ಕ್ರೂಡ್ರೈವರು ಯಾವುದೂ ಬೇಡ. ಟ್ಯಾಂಕಿನಿಂದ ಎರಡು ಮೂರು ಲೀಟರು ನೀರು ಹಿಡಿದುಕೊಂಡರೆ ಪಂಪು ಶುರುವಾಗುತ್ತದೆ. ಶುರುವಾದ ಕೂಡಲೇ ಕೆಲವು ಯಂತ್ರಗಳು ಮೆಂಬ್ರೇನನ್ನು ತಾವೇ ತೊಳೆದುಕೊಳ್ಳುತ್ತವೆ, ಆಗ ವೇಸ್ಟ್ ನೀರು ಜೋರಾಗಿ ಬರುತ್ತದೆ. ಹಾಗಾಗಿ ಐದು ನಿಮಿಷ ಬಿಡಿ. ಆಮೇಲೆ ಮಿಲಿಲೀಟರ್ ಗೆರೆಗಳಿರುವ ಅಳತೆಯ ಜಾಡಿಯನ್ನು ವೇಸ್ಟ್ ಪೈಪಿಗೆ ಹಿಡಿದು, ಗಡಿಯಾರ ನೋಡಿಕೊಂಡು ಒಂದು ನಿಮಿಷದ ನೀರು ಹಿಡಿಯಿರಿ. ಬರೆದಿಟ್ಟುಕೊಳ್ಳಿ. ನಂತರ ಯಂತ್ರದ ಮೇಲಿನ ಮುಚ್ಚಳ ತೆಗೆದರೆ ಟ್ಯಾಂಕಿನೊಳಕ್ಕೆ ಬೆರಳಿಗಿಂತ ತೆಳ್ಳಗಿನ ಪೈಪೊಂದರಿಂದ ನೀರು ಬೀಳುವುದು ಬಹಳ ಮಾದರಿಗಳಲ್ಲಿ ಕಾಣುತ್ತದೆ. ಕೈ ಚೆನ್ನಾಗಿ ತೊಳೆದುಕೊಂಡು, ಶುಚಿಯಾದ ಲೋಟವನ್ನು ಅದರ ಕೆಳಗೆ ಒಂದು ನಿಮಿಷ ಹಿಡಿಯಿರಿ. ಕೈ ಹೋಗದ ಮಾದರಿಯಾದರೆ ಟ್ಯಾಂಕಿನ ಹೊರಗೆ ನೀರಿನ ಮಟ್ಟಕ್ಕೆ ಒಂದು ಗೆರೆ ಹಾಕಿ, ಅರ್ಧ ಗಂಟೆ ಬಿಟ್ಟು ಎಲ್ಲಿಗೆ ಏರಿದೆ ನೋಡಿದರೂ ಆಯಿತು.

ಸಿಕ್ಕ ಎರಡು ಸಂಖ್ಯೆಗಳು ಬಹಳ ಹೇಳುತ್ತವೆ. ಶುದ್ಧ ನೀರೂ ಕಡಿಮೆ, ವೇಸ್ಟ್ ನೀರೂ ಕಡಿಮೆ ಎಂದಾದರೆ ಯಂತ್ರಕ್ಕೆ ನೀರೇ ಸಾಲುತ್ತಿಲ್ಲ, ಇಲ್ಲವೇ ಪಂಪಿಗೆ ಕಸುವಿಲ್ಲ. ವೇಸ್ಟ್ ನೀರು ಎಂದಿನ 300–450 ಮಿ.ಲೀ. ಬರುತ್ತಿದ್ದು ಶುದ್ಧ ನೀರು ಮಾತ್ರ ಇಳಿದಿದ್ದರೆ ಮೆಂಬ್ರೇನಿನ ಕಡೆ ಬೆರಳು ತೋರಿಸಬಹುದು. ವೇಸ್ಟ್ ಪೈಪಿನಲ್ಲಿ ನೀರು ಭರ್ರನೆ ಹೋಗುತ್ತಿದ್ದು ಶುದ್ಧ ನೀರು ತೊಟ್ಟಿಕ್ಕುತ್ತಿದ್ದರೆ ತಪ್ಪು ಮೆಂಬ್ರೇನಿನದಲ್ಲ. ಒತ್ತಡವನ್ನು ಒಳಗೆ ತಡೆದಿಡಬೇಕಾದ ಸಣ್ಣ ಬಿಡಿಭಾಗದ್ದು. ವೇಸ್ಟ್ ಪೈಪು ಪೂರ್ತಿ ಒಣಗಿದ್ದರೆ ಅದೇ ಭಾಗ ಕಟ್ಟಿಹೋಗಿದೆ ಎಂದರ್ಥ. ಇದು ಸುಮ್ಮನಿರಬಾರದ ಸ್ಥಿತಿ. ಯಾಕೆಂಬುದು ಮುಂದೆ ಬರುತ್ತದೆ.

ನೀರೇ ಸಾಲುತ್ತಿಲ್ಲ ಎಂಬ ಮೊದಲ ಸಾಧ್ಯತೆ ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಅನೇಕರ ಗಮನಕ್ಕೆ ಬರುವುದಿಲ್ಲ. ತಾರಸಿಯ ಟ್ಯಾಂಕಿನಿಂದ ಇಳಿಯುವ ನೀರಿಗೆ ಹತ್ತು ಮೀಟರ್ ಇಳಿದರೆ ಸುಮಾರು ಒಂದು ಕೆಜಿ ಒತ್ತಡ ಸಿಗುತ್ತದೆ. ನೆಲಮಹಡಿಯಲ್ಲಿರುವವರಿಗೆ ಇದರ ಚಿಂತೆಯಿಲ್ಲ. ಕಟ್ಟಕಡೆಯ ಮಹಡಿಯವರಿಗೆ ಟ್ಯಾಂಕು ಮೂರೇ ಮೀಟರ್ ಮೇಲಿರುತ್ತದೆ. ಸಿಗುವ ಒತ್ತಡ 0.3 ಕೆಜಿ. ಬಹಳಷ್ಟು ಯಂತ್ರಗಳಿಗೆ ಬೇಕಾದ ಕನಿಷ್ಠ ಒತ್ತಡವೂ ಹೆಚ್ಚು ಕಡಿಮೆ ಅಷ್ಟೇ. ಅದೇ ಹೊತ್ತಿಗೆ ಬಚ್ಚಲಲ್ಲಿ ಯಾರಾದರೂ ನಲ್ಲಿ ತಿರುಗಿಸಿದರೆ, ವಾಷಿಂಗ್ ಮಷೀನು ಓಡುತ್ತಿದ್ದರೆ ಅದೂ ಇಳಿಯುತ್ತದೆ. ಒಳಗಿರುವ ಒತ್ತಡದ ಸ್ವಿಚ್ ಪಂಪನ್ನು ನಿಲ್ಲಿಸುತ್ತದೆ, ಮತ್ತೆ ಶುರುಮಾಡುತ್ತದೆ. ಪಂಪು ಟಕ್ ಟಕ್ ಎಂದು ನಿಂತು ನಿಂತು ಓಡುತ್ತಿದ್ದರೆ ಈ ಕಾರಣವನ್ನು ಮೊದಲು ನೋಡಬೇಕು. ಇಂಥ ಮನೆಯಲ್ಲಿ ಎಷ್ಟು ಸಲ ಮೆಂಬ್ರೇನ್ ಬದಲಿಸಿದರೂ ಪ್ರಯೋಜನವಿಲ್ಲ. ಯಂತ್ರಕ್ಕೆ ಬರುವ ಸಣ್ಣ ವಾಲ್ವ್ ಅರ್ಧ ತಿರುಗಿದ್ದರೂ ಇದೇ ಲಕ್ಷಣ. ಪಾತ್ರೆ ತೊಳೆಯುವಾಗ ಕೈ ತಾಗಿ ಅದು ತಿರುಗಿರುವುದುಂಟು. ಯಂತ್ರದ ಹಿಂದೆ ಪೈಪು ಮಡಚಿಕೊಂಡಿರುವುದೂ ಉಂಟು.

ಆಮೇಲೆ ಯಂತ್ರದ ಹೊರಗೆ ಪಕ್ಕದಲ್ಲಿ ನೇತಾಡುವ ಪ್ರಿ-ಫಿಲ್ಟರ್. ಪಾರದರ್ಶಕ ಬಟ್ಟಲಿನೊಳಗಿನ ಬಿಳಿ ಕ್ಯಾಂಡಲ್. ನೂಲು ಸುತ್ತಿದ ಹಾಗೆ ಕಾಣುವ ಇದು ಪಾಲಿಪ್ರೊಪಿಲೀನ್ ಎಳೆಗಳನ್ನು ಬಿಸಿಯಲ್ಲಿ ಊದಿ ಮಾಡಿದ್ದು. ಸಾಮಾನ್ಯವಾಗಿ ಐದು ಮೈಕ್ರಾನಿಗಿಂತ ದಪ್ಪನೆಯ ಕಣಗಳನ್ನು ತಡೆಯುತ್ತದೆ. ತಲೆಗೂದಲಿನ ದಪ್ಪ ಸುಮಾರು ಎಪ್ಪತ್ತು ಮೈಕ್ರಾನು ಎಂದರೆ ಇದರ ಸೂಕ್ಷ್ಮ ತಿಳಿಯುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಸಿಂಪಿಗೆ ಬಿದ್ದ ದಿನ ಒಂದು ಬಟ್ಟಲು ಬಿಚ್ಚಿ ನೋಡಬೇಕು. ಪ್ಲಗ್ ಕಿತ್ತು, ವಾಲ್ವ್ ಮುಚ್ಚಿ, ದೊಡ್ಡ ಪ್ಲಾಸ್ಟಿಕ್ ಸ್ಪ್ಯಾನರಿನಿಂದ ತಿರುಗಿಸಿದರೆ ಬಟ್ಟಲು ಕೆಸರು ನೀರಿನ ಸಮೇತ ಕೈಗೆ ಬರುತ್ತದೆ. ಕ್ಯಾಂಡಲಿನ ಮೈ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ. ಉಗುರಿನಿಂದ ಗೀರಿದರೆ ನುಣ್ಣನೆಯ ಕೆಮ್ಮಣ್ಣು ಲೋಳೆಯ ಹಾಗೆ ಉಗುರಿನ ಸಂದಿಗೆ ಸೇರುತ್ತದೆ. ಚಾಕುವಿನಿಂದ ಅಡ್ಡ ಕೊಯ್ದು ನೋಡಿದರೆ ಹೊರಗಿನ ಬಣ್ಣ ಒಳಗಿಳಿದಂತೆ ತಿಳಿಯಾಗುತ್ತ ಹೋಗಿ, ನಡುವಿನ ತೂತಿನ ಹತ್ತಿರ ಇನ್ನೂ ಬಿಳಿ ಉಳಿದಿರುತ್ತದೆ. ಆ ಬಿಳಿ ಇರುವವರೆಗೂ ಕ್ಯಾಂಡಲ್ ತನ್ನ ಕೆಲಸ ಮಾಡಿದೆ. ಒಳಗಿನವರೆಗೂ ಕಂದು ಹತ್ತಿದ್ದರೆ ಮಣ್ಣು ಆಗಲೇ ಮುಂದಕ್ಕೆ ಹೋಗಿದೆ.

ಈ ಕ್ಯಾಂಡಲಿಗೆ ನೂರಿನ್ನೂರು ರೂಪಾಯಿ. ಮೆಂಬ್ರೇನಿಗೆ ಸಾವಿರಗಳಲ್ಲಿ ಲೆಕ್ಕ. ಹಾಗಿದ್ದೂ ಇದನ್ನು ತೊಳೆದು ತೊಳೆದು ವರ್ಷಗಟ್ಟಲೆ ಹಾಕುವ ಮನೆಗಳು ಬೇಕಾದಷ್ಟಿವೆ. ಮೇಲಿನ ಮಣ್ಣು ತೊಳೆದರೆ ಹೋಗುತ್ತದೆ, ಎಳೆಗಳ ಒಳಗೆ ಸೇರಿದ್ದು ಹೋಗುವುದಿಲ್ಲ. ಕಾವೇರಿ ನೀರಿನ ಮನೆಯಲ್ಲಿ ಆರು ತಿಂಗಳು ಬಾಳುವ ಕ್ಯಾಂಡಲ್ ಟ್ಯಾಂಕರ್ ನೀರಿನ ಮನೆಯಲ್ಲಿ ಒಂದೆರಡು ತಿಂಗಳಿಗೇ ಮುಗಿದಿರಬಹುದು. ಕರಾವಳಿ, ಮಲೆನಾಡಿನ ಬಾವಿ ನೀರಿಗೆ ಬೇರೆಯೇ ಸ್ವಭಾವ. ಜಂಬಿಟ್ಟಿಗೆ ನೆಲದ ಆ ನೀರಿನಲ್ಲಿ ಉಪ್ಪು ಬಹಳ ಕಡಿಮೆ, ಕಬ್ಬಿಣ ಕೆಲವೆಡೆ ಜಾಸ್ತಿ. ಬಾವಿಯಿಂದ ಎತ್ತಿದಾಗ ತಿಳಿಯಾಗಿದ್ದ ನೀರು ಗಾಳಿ ತಾಗಿ ಕೆಂಪಗಾಗಿ ಕ್ಯಾಂಡಲಿಗೆ ಮೆತ್ತಿಕೊಳ್ಳುತ್ತದೆ. ಜೂನ್ ಜುಲೈಯಲ್ಲಿ ಮಳೆ ನೀರು ಬಾವಿಗೆ ಇಳಿದು ರಾಡಿಯಾದಾಗ ಧಾರೆ ದಿಢೀರನೆ ಕುಗ್ಗುವುದೂ ಕ್ಯಾಂಡಲ್ ಕಟ್ಟುವುದರಿಂದಲೇ. ಕ್ಯಾಂಡಲ್ ಕಟ್ಟಿದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ ಅದನ್ನು ತೆಗೆದು, ಬರೀ ಬಟ್ಟಲನ್ನು ಹಾಕಿ ಒಂದೇ ಒಂದು ನಿಮಿಷ ಯಂತ್ರ ಓಡಿಸಿ ಅಳೆಯಬಹುದು. ವೇಗ ಏರಿದರೆ ಕಾರಣ ಗೊತ್ತಾಯಿತು. ಅದಕ್ಕಿಂತ ಹೆಚ್ಚು ಹೊತ್ತು ಹಾಗೆ ಓಡಿಸಬಾರದು.

ಪ್ರಿ-ಫಿಲ್ಟರಿನ ನಂತರ ಯಂತ್ರದೊಳಗೆ ಇದ್ದಿಲಿನ ಫಿಲ್ಟರ್ ಬರುತ್ತದೆ. ಇದ್ದಿಲಿನ ಪುಡಿ ಇಳಿದು ಗಟ್ಟಿಯಾದರೆ ಅದೂ ದಾರಿ ಕಟ್ಟುತ್ತದೆ. ಆದರೆ ಅದರ ಮುಖ್ಯ ಕೆಲಸ ನೀರಿನಲ್ಲಿರುವ ಕ್ಲೋರಿನ್ನನ್ನು ಹೀರುವುದು, ಯಾಕೆಂದರೆ ಮೆಂಬ್ರೇನಿಗೆ ಕ್ಲೋರಿನ್ ಆಗದು.

ಪಂಪಿನ ಮಾತನ್ನು ಬೇಗ ಮುಗಿಸಬಹುದು. 24 ವೋಲ್ಟಿನ ಸಣ್ಣ ಪಂಪು ಅದು, ಒಳಗಿರುವುದು ರಬ್ಬರಿನ ಪೊರೆ. ಪೊರೆ ಸವೆದರೆ ಸದ್ದು ಮಾಡುತ್ತದೆ, ಒತ್ತುವುದಿಲ್ಲ. ಅದಕ್ಕೆ ಕರೆಂಟು ಕೊಡುವ ಅಡಾಪ್ಟರ್ ಹಳೆಯದಾದರೂ ಪಂಪು ತಿರುಗುತ್ತದೆ, ಒತ್ತಡ ಬರುವುದಿಲ್ಲ. ಸದ್ದಿನಿಂದ ಇವೆರಡನ್ನೂ ಬೇರೆ ಮಾಡಲಾಗದು. ಮೀಟರ್ ಹಚ್ಚಿ ವೋಲ್ಟೇಜು ನೋಡಬೇಕು, ಒತ್ತಡದ ಗೇಜು ಹಾಕಿ ನೋಡಬೇಕು. ಇದು ಮೆಕ್ಯಾನಿಕ್ಕಿನ ಕೆಲಸ. ಅವನ ಬ್ಯಾಗಿನಲ್ಲಿ ಗೇಜು ಇದೆಯೇ ಎಂದು ಕೇಳುವ ಹಕ್ಕು ಮಾತ್ರ ನಮ್ಮದು. ಒತ್ತಡ ಅಳೆಯದೆ ಮೆಂಬ್ರೇನ್ ಹೋಗಿದೆ ಎನ್ನುವುದು ಊಹೆಯಷ್ಟೇ.

ಈಗ ಮೆಂಬ್ರೇನ್. ಹನ್ನೆರಡು ಇಂಚಿನೊಳಗಿನ ಉದ್ದದ ಒಂದು ಸುರುಳಿ. ಬಿಡಿಸಿದರೆ ಹಾಳೆಗಳು ಒಂದರ ಮೇಲೊಂದು ಚಾಪೆ ಸುತ್ತಿದ ಹಾಗೆ ನಡುವಿನ ಕೊಳವೆಗೆ ಸುತ್ತಿಕೊಂಡಿರುತ್ತವೆ, ಮಧ್ಯೆ ಮಧ್ಯೆ ಪ್ಲಾಸ್ಟಿಕ್ ಬಲೆ. ಉಪ್ಪನ್ನು ತಡೆಯುವ ನಿಜವಾದ ಪದರ ಆ ಹಾಳೆಯ ಮೇಲ್ಮೈಯಲ್ಲಿರುವ ಪಾಲಿಅಮೈಡ್ ಲೇಪ. ಅದರ ದಪ್ಪ ಒಂದು ಮೈಕ್ರಾನಿನ ಕಾಲುಭಾಗವೂ ಇಲ್ಲ. ಉಪ್ಪು ತಡೆಯುವ ಪೊರೆಯಿಂದ ಕುಡಿಯುವಷ್ಟು ನೀರು ಪಡೆಯಬಹುದು ಎಂದು 1959ರ ಸುಮಾರಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದಲ್ಲಿ ತೋರಿಸಿದವರು ಸಿಡ್ನಿ ಲೋಬ್ ಮತ್ತು ಭಾರತದಲ್ಲಿ ಹುಟ್ಟಿದ ಶ್ರೀನಿವಾಸ ಸೌರಿರಾಜನ್. ಅದಕ್ಕೂ ಮುಂಚಿನ ಪೊರೆಗಳು ಉಪ್ಪನ್ನೇನೋ ತಡೆಯುತ್ತಿದ್ದವು, ಆದರೆ ನೀರು ಹೋಗುತ್ತಿದ್ದದ್ದು ಬಹಳ ನಿಧಾನ. ಮೇಲೆ ಅತಿ ತೆಳುವಾದ ಪದರ, ಕೆಳಗೆ ರಂಧ್ರಗಳಿರುವ ಆಸರೆ ಎಂಬ ಅವರ ರಚನೆಯಿಂದ ವೇಗ ಸಿಕ್ಕಿತು. 1965ರಲ್ಲಿ ಕ್ಯಾಲಿಫೋರ್ನಿಯಾದ ಕೋಲಿಂಗಾ ಎಂಬ ಸಣ್ಣ ಊರಿನಲ್ಲಿ, ನೆಲದ ನೀರು ಉಪ್ಪಾದದ್ದರಿಂದ ಒಂದು ಕಾಲಕ್ಕೆ ರೈಲಿನಲ್ಲಿ ಕುಡಿಯುವ ನೀರು ತರಿಸಿಕೊಂಡಿದ್ದ ಊರಿನಲ್ಲಿ, ಈ ಪೊರೆಯ ಮೊದಲ ಘಟಕ ನೀರು ಕೊಟ್ಟಿತು. ಇವತ್ತು ನಮ್ಮ ಅಡುಗೆಮನೆಯಲ್ಲಿರುವ ಪಾಲಿಅಮೈಡ್ ಪೊರೆಗೆ ದಾರಿ ಮಾಡಿದ್ದು 1970ರ ದಶಕದಲ್ಲಿ ಜಾನ್ ಕ್ಯಾಡಾಟ್ ಮಾಡಿದ ಕೆಲಸ. ಶುರುವಿನಿಂದಲೂ ಈ ತಂತ್ರದ ದೊಡ್ಡ ಸಮಸ್ಯೆ ನಿಧಾನವೇ ಆಗಿತ್ತು ಎಂಬುದನ್ನು ನೆನಪಿಡಬೇಕು.

ಈ ಪೊರೆ ಕಟ್ಟುವುದು ಹೇಗೆ? ಮುಳಬಾಗಿಲಿನ ಬೋರಿನ ನೀರನ್ನೋ, ವೈಟ್‌ಫೀಲ್ಡಿನ ಕಡೆಯ ಟ್ಯಾಂಕರ್ ನೀರನ್ನೋ ತೆಗೆದುಕೊಳ್ಳಿ. ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ಆ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕರಗಿಸಿಕೊಂಡು ಗಡುಸಾಗಿರುತ್ತದೆ. ಸೋಪಿಗೆ ನೊರೆ ಬಾರದ, ಬೇಳೆ ಬೇಗ ಬೇಯದ, ಗೀಸರಿನ ಕಾಯಿಲಿಗೆ ಬಿಳಿ ಚಕ್ಕೆ ಕಟ್ಟುವ ನೀರು. ಮೆಂಬ್ರೇನಿನೊಳಗೆ ಈ ನೀರು ಮುಂದೆ ಮುಂದೆ ಸಾಗಿದ ಹಾಗೆ ಅದರಿಂದ ಸಪ್ಪೆ ನೀರು ಪೊರೆ ದಾಟಿ ಹೋಗುತ್ತದೆ, ಉಪ್ಪೆಲ್ಲ ಹಿಂದೆ ಉಳಿಯುತ್ತದೆ. ಮೂರರಲ್ಲಿ ಒಂದು ಪಾಲು ನೀರು ದಾಟಿದರೆ ಉಳಿದದ್ದು ಒಂದೂವರೆ ಪಟ್ಟು ಗಡುಸು. ಸುರುಳಿಯ ಕೊನೆಯ ತುದಿಗೆ ಬರುವಷ್ಟರಲ್ಲಿ ಅಷ್ಟು ಸುಣ್ಣವನ್ನು ಕರಗಿಸಿ ಇಟ್ಟುಕೊಳ್ಳಲು ನೀರಿಗೆ ಆಗದೆ, ಅದು ಪೊರೆಯ ಮೇಲೆ ಹರಳಾಗಿ ಕೂರುತ್ತದೆ. ಗೀಸರಿನಲ್ಲಿ ಬಿಸಿಯಿಂದ ಆಗುವುದು ಇಲ್ಲಿ ಸಾಂದ್ರತೆಯಿಂದ ಆಗುತ್ತದೆ, ವಸ್ತು ಒಂದೇ. ಹಳೆಯ ಮೆಂಬ್ರೇನನ್ನು ಕೈಯಲ್ಲಿ ಹಿಡಿದರೆ ಹೊಸದಕ್ಕಿಂತ ತೂಕ ಹೆಚ್ಚೆಂದು ಗೊತ್ತಾಗುತ್ತದೆ. ನೀರು ತೊಟ್ಟಿಕ್ಕಿ ಮುಗಿದ ಮೇಲೂ ಆ ತೂಕ ಇಳಿಯುವುದಿಲ್ಲ. ಬಿಡಿಸಿದ ಹಾಳೆಯ ಮೇಲೆ ಬೆರಳಾಡಿಸಿದರೆ ಮರಳುಕಾಗದದ ತರಿ.

ಇದನ್ನು ತಡೆಯುವುದಕ್ಕೇ ವೇಸ್ಟ್ ನೀರು ಹರಿಯಬೇಕು. ಅದು ಉಪ್ಪನ್ನು ಹೊರಗೆ ಒಯ್ಯುವ ನೀರು. ಅದನ್ನು ಎಷ್ಟು ಬಿಡಬೇಕೆಂದು ನಿರ್ಧರಿಸುವುದು ವೇಸ್ಟ್ ಪೈಪಿನ ದಾರಿಯಲ್ಲಿರುವ, ಕಿರುಬೆರಳಿನಷ್ಟು ಚಿಕ್ಕ ಭಾಗ. ರಿಪೇರಿಯವರು ಅದನ್ನು ಎಫ್‌ಆರ್ ಎನ್ನುತ್ತಾರೆ. ಅದರ ಮೈಮೇಲೆ 300 ಅಥವಾ 450 ಎಂದು ಬರೆದಿರುತ್ತದೆ: ನಿಮಿಷಕ್ಕೆ ಅಷ್ಟು ಮಿ.ಲೀ. ಇದರ ಒಳಗಿನ ಸಣ್ಣ ತೂತು ಸುಣ್ಣದಿಂದ ಮುಚ್ಚಿದರೆ ವೇಸ್ಟ್ ನೀರು ನಿಂತುಹೋಗುತ್ತದೆ. ನೀರು ಉಳಿಯುತ್ತಿದೆ ಎಂದು ಆಗ ಸಂತೋಷಪಡುವವರಿದ್ದಾರೆ; ಆದರೆ ಒಳಗೆ ಉಪ್ಪು ಹೊರಹೋಗಲು ದಾರಿಯಿಲ್ಲದೆ ಮೆಂಬ್ರೇನ್ ಕೆಲವೇ ದಿನಗಳಲ್ಲಿ ಕಟ್ಟುತ್ತದೆ. ಇದರ ಪಕ್ಕದಲ್ಲೇ ಮೆಂಬ್ರೇನ್ ತೊಳೆಯುವ ವಾಲ್ವ್ ಇರುವ ಯಂತ್ರಗಳಲ್ಲಿ ಅದು ತೆರೆದುಕೊಂಡೇ ಸಿಕ್ಕಿಕೊಂಡರೆ ಇದಕ್ಕೆ ಪೂರ್ತಿ ವಿರುದ್ಧ. ಪಂಪು ಒತ್ತಿದ್ದೆಲ್ಲ ವೇಸ್ಟಿಗೆ ಹೋಗಿ ಒತ್ತಡವೇ ನಿಲ್ಲುವುದಿಲ್ಲ. ಈ ಎರಡು ಬಿಡಿಭಾಗಗಳು ದುಬಾರಿಯವಲ್ಲ. ಇವು ಕೆಟ್ಟದ್ದನ್ನು ನೋಡದೆ ಹೊಸ ಮೆಂಬ್ರೇನ್ ಹಾಕಿದರೆ ಅದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಕಟ್ಟಿದ ಮೆಂಬ್ರೇನನ್ನು ಆಸಿಡ್ಡಿನಲ್ಲಿ ತೊಳೆದುಕೊಡುತ್ತೇವೆ ಎನ್ನುವವರೂ ಇದ್ದಾರೆ. ದೊಡ್ಡ ಘಟಕಗಳಲ್ಲಿ ಸಿಟ್ರಿಕ್ ಆಸಿಡ್ ಬಳಸಿ, ಆಮ್ಲತೆ ಅಳೆದು, ಪಂಪಿನಲ್ಲಿ ಸುತ್ತಿಸಿ ತೊಳೆಯುವ ಕ್ರಮ ಇದೆ. ಮನೆಯ ಬಕೆಟ್ಟಿನಲ್ಲಿ, ಕಕ್ಕಸು ತೊಳೆಯುವ ಆಸಿಡ್ ಸುರಿದು ಮಾಡುವ ಕೆಲಸ ಅದಲ್ಲ. ಕುಡಿಯುವ ನೀರಿನ ದಾರಿಗೆ ಕಕ್ಕಸಿನ ಆಸಿಡ್ಡನ್ನು ತರಲೇಬಾರದು. ಬ್ಲೀಚಿಂಗ್ ಪೌಡರು ಇನ್ನೂ ಕೆಟ್ಟದ್ದು. ಅದರ ಕ್ಲೋರಿನ್ ಪಾಲಿಅಮೈಡ್ ಪದರವನ್ನೇ ಒಡೆಯುತ್ತದೆ. ಆಗ ನೀರು ಜೋರಾಗಿ ಬರತೊಡಗುತ್ತದೆ, ಮನೆಯವರು ರಿಪೇರಿ ಆಯಿತೆಂದುಕೊಳ್ಳುತ್ತಾರೆ. ಬರುತ್ತಿರುವುದು ಉಪ್ಪನ್ನು ಕಳೆದುಕೊಳ್ಳದ ನೀರು.

ಹಾಗಾಗಿ ವೇಗದ ಜೊತೆಗೆ ಟಿಡಿಎಸ್ ಅನ್ನೂ, ಅಂದರೆ ನೀರಿನಲ್ಲಿ ಕರಗಿರುವ ಉಪ್ಪು, ಖನಿಜಗಳ ಅಳತೆಯನ್ನೂ ನೋಡಬೇಕು. ಪೆನ್ನಿನ ಗಾತ್ರದ ಮೀಟರ್ ಈಗ ಸುಲಭಕ್ಕೆ ಸಿಗುತ್ತದೆ. ಒಳಗೆ ಬರುವ ನೀರಿನಲ್ಲಿ 900 ತೋರಿಸಿ, ಮೆಂಬ್ರೇನಿನಿಂದ ಬಂದ ನೀರಿನಲ್ಲಿ 60–90 ತೋರಿಸಿದರೆ ಪೊರೆ ಆರೋಗ್ಯವಾಗಿದೆ. ರುಚಿಗೆಂದು ಸ್ವಲ್ಪ ಹಸಿ ನೀರನ್ನು ಬೆರೆಸುವ ತಿರುಪು ಇರುವ ಯಂತ್ರದಲ್ಲಿ ನಲ್ಲಿಯ ನೀರನ್ನು ಅಳೆದು ತೀರ್ಮಾನಕ್ಕೆ ಬರಬಾರದು, ಬೆರೆಸುವ ಮುಂಚಿನ ನೀರನ್ನು ಅಳೆಯಬೇಕು. ಆ ತಿರುಪನ್ನು ಪೂರ್ತಿ ತೆರೆದು ‘ಸ್ಪೀಡ್ ಮಾಡಿಕೊಟ್ಟೆ’ ಎನ್ನುವ ರಿಪೇರಿಯೂ ನಡೆಯುತ್ತದೆ. ಫ್ಲೋರೈಡ್ ಇರುವ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಬೋರ್‌ವೆಲ್ ಮನೆಯಲ್ಲಿ ಹಾಗೆ ಮಾಡುವುದು ದೊಡ್ಡ ಅನ್ಯಾಯ. ಯಂತ್ರ ಹಾಕಿಸಿಕೊಂಡದ್ದೇ ಆ ಫ್ಲೋರೈಡಿಗಾಗಿ. ತಿರುಪು ತೆರೆದರೆ ಅದು ಲೋಟಕ್ಕೆ ವಾಪಸು ಬರುತ್ತದೆ, ರುಚಿಯಲ್ಲಿ ಗೊತ್ತಾಗುವುದಿಲ್ಲ. ರೋಗಾಣು ಕೊಲ್ಲುವ ಯುವಿ ಬೆಳಕು ಮಾತ್ರ ಇರುವ ಯಂತ್ರಕ್ಕೂ ಇಂಥದೇ ಎಚ್ಚರಿಕೆ ಬೇಕು. ಅಲ್ಲಿ ನೀರು ಬೆಳಕಿನೆದುರು ಗೊತ್ತಾದಷ್ಟು ಹೊತ್ತು ಇರಲೆಂದೇ ವೇಗವನ್ನು ತಡೆದಿರುತ್ತಾರೆ. ಆ ತಡೆ ತೆಗೆದರೆ ನೀರು ಬೇಗ ಬರುತ್ತದೆ, ರೋಗಾಣು ಸಾಯುವುದಿಲ್ಲ.

ಏನೂ ಕೆಡದೆ ನೀರು ನಿಧಾನವಾಗುವ ಕಾಲವೂ ಒಂದಿದೆ. ನೀರು ತಣ್ಣಗಾದಷ್ಟೂ ಪೊರೆಯನ್ನು ದಾಟುವುದು ಕಷ್ಟ. ಒಂದು ಡಿಗ್ರಿಗೆ ಸುಮಾರು ನೂರಕ್ಕೆ ಮೂರರಷ್ಟು ಇಳಿಯುತ್ತದೆ. ಡಿಸೆಂಬರಿನ ಬೆಳಗ್ಗೆ ಓವರ್‌ಹೆಡ್ ಟ್ಯಾಂಕಿನ ನೀರು 17 ಡಿಗ್ರಿಗೆ ಬಂದಿದ್ದರೆ, 25 ಡಿಗ್ರಿಯಲ್ಲಿ ಬರುತ್ತಿದ್ದ ನೀರಿನ ಕಾಲುಭಾಗ ಕಡಿಮೆಯಾಗುವುದು ಸಹಜ. ಮಧ್ಯಾಹ್ನ ಅಳೆದು ನೋಡಿದರೆ ಏರಿರುತ್ತದೆ. ಇನ್ನೊಂದು ಕಾರಣ ಬೇಸಿಗೆಯದು. ಬೋರಿನ ನೀರು ಕೆಳಗಿಳಿದಾಗ, ಬೇರೆ ಬೇರೆ ಕಡೆಯ ಟ್ಯಾಂಕರ್ ಬಂದಾಗ ಟಿಡಿಎಸ್ ಏರುತ್ತದೆ. ನೀರಿನಲ್ಲಿ 1000 ಟಿಡಿಎಸ್ ಇದ್ದರೆ ಪಂಪಿನ ಒತ್ತಡದಲ್ಲಿ ಸುಮಾರು ಹತ್ತು ಪಿಎಸ್‌ಐ ಆ ಉಪ್ಪಿನ ಎದುರೊತ್ತಡವನ್ನು ಮೀರುವುದಕ್ಕೇ ಹೋಗುತ್ತದೆ. 2000 ಇದ್ದರೆ ಅದರ ಎರಡರಷ್ಟು. ಮಾರ್ಚಿನಲ್ಲಿ ಧಾರೆ ಇಳಿದು ಮಳೆ ಬಂದ ಮೇಲೆ ತಾನಾಗಿ ಸರಿಹೋದ ಯಂತ್ರದ ಗುಟ್ಟು ಇದು.

ಇನ್ನು ನೀರಿನ ಲೆಕ್ಕ. ಶುದ್ಧ ನೀರು ನಿಮಿಷಕ್ಕೆ 150 ಮಿ.ಲೀ., ವೇಸ್ಟ್ 450 ಮಿ.ಲೀ. ಇದ್ದಾಗ ಒಂದು ಲೀಟರಿಗೆ ಮೂರು ಲೀಟರು ಹೊರಗೆ ಹೋಗುತ್ತದೆ. ಮೆಂಬ್ರೇನ್ ಕಟ್ಟಿ ಶುದ್ಧ ನೀರು 50 ಮಿ.ಲೀ.ಗೆ ಇಳಿದರೆ ಒಂದು ಲೀಟರಿಗೆ ಒಂಬತ್ತು ಲೀಟರು. ದಿನಕ್ಕೆ ಇಪ್ಪತ್ತು ಲೀಟರು ಕುಡಿಯಲು, ಅಡುಗೆಗೆ ಬಳಸುವ ಮನೆಯಲ್ಲಿ 60 ಲೀಟರಿದ್ದ ವೇಸ್ಟ್ 180 ಲೀಟರಾಯಿತು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಟ್ಯಾಂಕರಿಗಾಗಿ ಕಾದವರಿಗೆ 180 ಲೀಟರು ಎಂದರೆ ಏನೆಂದು ಹೇಳಬೇಕಿಲ್ಲ. ಈ ನೀರು ನೆಲ ಒರೆಸಲು, ಕಕ್ಕಸಿಗೆ ಸುರಿಯಲು ಧಾರಾಳವಾಗಿ ಆಗುತ್ತದೆ. ಗಿಡಗಳಿಗೆ ಮಾತ್ರ ಉಪ್ಪು ನೋಡಿ ಹಾಕಬೇಕು. ಆದರೂ ಮೊದಲ ಕರ್ತವ್ಯ ಅದನ್ನು ಕಡಿಮೆ ಮಾಡುವುದು. ನಿಧಾನವಾದ ಯಂತ್ರವನ್ನು ಹೇಗೋ ನಡೆಯುತ್ತಿದೆ ಎಂದು ಆರು ತಿಂಗಳು ಹಾಗೇ ಬಿಡುವುದು ನನಗೆ ಸರಿ ಕಾಣುವುದಿಲ್ಲ.

ಇದಕ್ಕಿಂತ ಮುಂದೆ ಹೋಗಿ ಕೇಳಬೇಕಾದ ಮಾತೂ ಇದೆ. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡ ಲೀಟರಿಗೆ 500 ಮಿಲಿಗ್ರಾಂವರೆಗಿನ ಟಿಡಿಎಸ್ ಒಪ್ಪಬಹುದಾದದ್ದು ಎನ್ನುತ್ತದೆ. ಬೇರೆ ಮೂಲವಿಲ್ಲದ ಕಡೆ 2000ದವರೆಗೂ ಬಿಟ್ಟಿದೆ. 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಕೇಂದ್ರ ಪರಿಸರ ಸಚಿವಾಲಯಕ್ಕೆ ಸೂಚಿಸಿತ್ತು. ಕಾವೇರಿ ನೀರಿನ ಟಿಡಿಎಸ್ ಸಾಮಾನ್ಯವಾಗಿ ಆ ಮಿತಿಯ ಬಹಳ ಕೆಳಗೇ ಇರುತ್ತದೆ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಕಾವೇರಿ ಐದನೇ ಹಂತ, ಬೆಂಗಳೂರು ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ನೀರು ಕೊಡಲೆಂದು ಮಾಡಿದ ಯೋಜನೆ. ಬೋರಿನ ನೀರಿಗೆಂದು ಆರ್‌ಒ ಹಾಕಿಸಿಕೊಂಡ ಅಲ್ಲಿನ ಮನೆಗಳಲ್ಲಿ ಕಾವೇರಿ ಸಂಪರ್ಕ ಬಂದು, ಸಿಂಪಿನಲ್ಲಿ ಬೋರು ಬೆರೆಯುವುದು ನಿಂತಿದ್ದರೆ ಒಮ್ಮೆ ಟಿಡಿಎಸ್ ಅಳೆಯಬೇಕು. ಕಟ್ಟಿಹೋದ ಮೆಂಬ್ರೇನಿಗೆ ಸಾವಿರಾರು ಕೊಡುವ ಬದಲು ಇದ್ದಿಲು ಮತ್ತು ಯುವಿ ಇರುವ ಯಂತ್ರ ಸಾಕಾಗಬಹುದು. ಮಂಗಳೂರು, ಉಡುಪಿ, ಶಿವಮೊಗ್ಗದ ಬಾವಿಗಳ ಸಪ್ಪೆ ನೀರಿಗೂ ಆರ್‌ಒ ಮಾರಿರುವುದನ್ನು ಕಂಡಾಗ ಬೇಸರವಾಗುತ್ತದೆ. ಅಲ್ಲಿ ಬೇಕಾದದ್ದು ಕಬ್ಬಿಣ ತೆಗೆಯುವ ಫಿಲ್ಟರು, ರೋಗಾಣುವಿಗೆ ಯುವಿ, ಅಥವಾ ನೀರನ್ನು ಕುದಿಸಿ ಕುಡಿಯುವ ಹಳೆಯ ಅಭ್ಯಾಸ. ಸ್ಟೀಲಿನ ಕ್ಯಾಂಡಲ್ ಫಿಲ್ಟರ್ ಇಟ್ಟುಕೊಂಡ ಮನೆಗಳಲ್ಲಿ ಧಾರೆ ನಿಧಾನವಾದರೆ ಪಿಂಗಾಣಿ ಕ್ಯಾಂಡಲನ್ನು ಮೆತ್ತನೆಯ ಬ್ರಷ್ಷಿನಿಂದ, ಸೋಪಿಲ್ಲದೆ, ಹರಿಯುವ ನೀರಿನಲ್ಲಿ ಉಜ್ಜಿದರೆ ಮತ್ತೆ ಸರಿಹೋಗುತ್ತದೆ. ಹೊಸ ಕ್ಯಾಂಡಲನ್ನು ಹಾಕುವ ಮುಂಚೆ ಕೆಲವು ಗಂಟೆ ನೀರಿನಲ್ಲಿ ಮುಳುಗಿಸಿಡಬೇಕು, ಇಲ್ಲದಿದ್ದರೆ ಅದರ ರಂಧ್ರಗಳಲ್ಲಿ ನಿಂತ ಗಾಳಿಯೇ ನೀರನ್ನು ತಡೆಯುತ್ತದೆ.

ಎಲ್ಲ ನೋಡಿದ ಮೇಲೂ ಮೆಂಬ್ರೇನನ್ನೇ ಬದಲಿಸಬೇಕೆಂದಾದರೆ ಜೊತೆಗೆ ಪ್ರಿ-ಫಿಲ್ಟರ್, ಇದ್ದಿಲಿನ ಫಿಲ್ಟರ್, ಎಫ್‌ಆರ್ ಮೂರನ್ನೂ ಹೊಸದು ಹಾಕಿಸುವುದು ಲಾಭ. ಎಫ್‌ಆರ್ ಹೊಸ ಮೆಂಬ್ರೇನಿನ ಅಳತೆಗೆ ಸರಿಯಾಗಿರಬೇಕು. ಮೆಂಬ್ರೇನನ್ನು ನಿಮ್ಮೆದುರಿಗೇ ಪ್ಯಾಕೆಟ್ಟಿನಿಂದ ತೆಗೆಯಲು ಹೇಳಿ, ಹಳೆಯದನ್ನು ಕೈಗೆ ತೆಗೆದುಕೊಂಡು ನೋಡಿ. ಹಾಕಿದ ಮೇಲೆ ಮೊದಲ ಒಂದೆರಡು ಟ್ಯಾಂಕು ನೀರನ್ನು ಕುಡಿಯದೆ ನೆಲಕ್ಕೋ ಬಟ್ಟೆಗೋ ಬಳಸಿ. ಪೊರೆ ಕೆಡದಿರಲೆಂದು ಹಚ್ಚಿರುವ ರಾಸಾಯನಿಕ ಅದರಲ್ಲಿ ತೊಳೆದುಹೋಗಬೇಕು. ಒಮ್ಮೆ ಒದ್ದೆಯಾದ ಮೆಂಬ್ರೇನ್ ಆಮೇಲೆ ಒಣಗಬಾರದು, ಒಣಗಿದರೆ ವೇಗ ಕಳೆದುಕೊಳ್ಳುತ್ತದೆ. ಹಾಗೆಂದು ನೀರು ನಿಂತೂ ಇರಬಾರದು, ಲೋಳೆ ಕಟ್ಟುತ್ತದೆ. ರಜೆಗೆ ಊರಿಗೆ ಹೋಗಿ ವಾರಗಟ್ಟಲೆ ಮನೆ ಬೀಗ ಹಾಕಿದ್ದವರು ಬಂದ ದಿನ ಟ್ಯಾಂಕು ಖಾಲಿ ಮಾಡಿ ತೊಳೆದು, ಮತ್ತೆ ತುಂಬಿದ್ದನ್ನೂ ಒಂದು ಸಲ ಚೆಲ್ಲಿ, ಆಮೇಲೆ ಕುಡಿಯುವುದು ಒಳ್ಳೆಯದು.

ಎರಡನೆಯ ದಿನ, ನೀರು ಒಂದು ಹದಕ್ಕೆ ಬಂದ ಮೇಲೆ ಮತ್ತೆ ಜಾಡಿ ಹಿಡಿದು ಶುದ್ಧ ನೀರು ಎಷ್ಟು, ವೇಸ್ಟ್ ಎಷ್ಟು, ಒಳಗಿನ ಮತ್ತು ಹೊರಗಿನ ಟಿಡಿಎಸ್ ಎಷ್ಟು ಎಂದು ಅಳೆಯಿರಿ. ಆ ನಾಲ್ಕು ಅಂಕಿಗಳನ್ನು ತಾರೀಖಿನ ಸಮೇತ ಯಂತ್ರದ ಪಕ್ಕಕ್ಕೆ ಮಾರ್ಕರ್ ಪೆನ್ನಿನಲ್ಲಿ ಬರೆದುಬಿಡಿ. ಮುಂದಿನ ಸಲ ಬರುವ ಮೆಕ್ಯಾನಿಕ್ ಹಳೆಯವನೇ ಇರಲಿ ಹೊಸಬನೇ ಇರಲಿ, ಮಾತು ಶುರುವಾಗುವುದು ಆ ಅಂಕಿಗಳಿಂದ.